ಕಾರ್ಲ್‌ಸನ್‌ಗೆ ಒಂದು ಳ ಕೊಡಿ

ಚೆಸ್ ಹುಚ್ಚಿರೋ ಗೆಳೆಯರ ನಡುವೆ ಒಮ್ಮೆ "ಕಾಳ್ಸನ್" ಅಂದು ನೋಡಿ. ತಕ್ಷಣ ಯಾರಾದರೂ ತಿದ್ದುತ್ತಾರೆ: "ಕಾಳ್ಸನ್ ಅಲ್ಲ ಗುರೂ, ಕಾರ್ಲ್‌ಸನ್." ತಮಾಷೆ ಏನಂದ್ರೆ, ಓಸ್ಲೋ ಕಡೆಯ ನಾರ್ವೇಜಿಯನ್ ಮಾತಿನಲ್ಲಿ ರ್ ಮತ್ತು ಲ್ ಒಟ್ಟಿಗೆ ಬಂದರೆ ಎರಡೂ ಸೇರಿ ನಾಲಿಗೆ ಮಡಚಿ ಹೇಳುವ ಳ ಆಗುತ್ತದೆ. ಮ್ಯಾಗ್ನಸ್ ಕೂಡ ಅಲ್ಲಿ ಮ್ಯಾಗ್ನಸ್ ಅಲ್ಲ, ಹೆಚ್ಚುಕಮ್ಮಿ ಮಾಙ್ನುಸ್. ಇಂಗ್ಲಿಷಿನವರ ಹತ್ತಿರ ಳ ಇಲ್ಲ, ಅವರು ಕಾರ್ಲ್‌ಸನ್ ಅಂದರೆ ಒಪ್ಪೋಣ. ಳ ಇಟ್ಟುಕೊಂಡ ನಮಗೇನಾಗಿದೆ? ಒಂದನೇ ಕ್ಲಾಸಿನಲ್ಲಿ ಕಲಿತು ಮರೆತ ಆ ಪಾಪದ ಙ ಕೂಡ ಇಲ್ಲಿ ಕೆಲಸಕ್ಕೆ ಬರುತ್ತಿತ್ತು!

"ಪದಗಳು ಊರಿಂದೂರಿಗೆ ಹೋದಾಗ ಬದಲಾಗುತ್ತವೆ ಕಣ್ರೀ, ಅದಕ್ಕೆ ಯಾಕಿಷ್ಟು ರಂಪ?" ಅನ್ನುವವರಿದ್ದಾರೆ. ಬದಲಾಗುತ್ತವೆ, ನಿಜ. ನಮ್ಮ ಚತುರಂಗ ಪರ್ಷಿಯಾಕ್ಕೆ ಹೋಗಿ ಚತ್ರಂಗ್ ಆಯಿತು, ಅರಬ್ಬರ ಬಾಯಲ್ಲಿ ಶತ್ರಂಜ್ ಆಯಿತು. ಅರಬ್ಬಿಯಲ್ಲಿ ಚ, ಗ ಇರಲಿಲ್ಲ, ಹಾಗಾಗಿ ಶ, ಜ ಬಂದವು. ಕನ್ನಡದಲ್ಲೂ ಚತುರಂಗ ಚದುರಂಗ ಆಗಿದೆ. ಇದೆಲ್ಲ ನಾಲಿಗೆ ತನ್ನ ಜಾಯಮಾನಕ್ಕೆ ತಕ್ಕಂತೆ ಮಾಡಿಕೊಂಡ ಬದಲಾವಣೆ. ನಾವೀಗ ಮಾಡುತ್ತಿರೋದು ಅದಲ್ಲ. ನಮ್ಮ ನಾಲಿಗೆಗೆ ಬರುವ ಸದ್ದನ್ನೂ ಬಿಟ್ಟು, ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಊಹಿಸಿದ್ದನ್ನು ಕನ್ನಡ ಲಿಪಿಯಲ್ಲಿ ಇಳಿಸುತ್ತಿದ್ದೇವೆ. ಇದು ಸೋಮಾರಿತನ.

ಉದಾಹರಣೆ ಬೇಕಾ? ಯಾವ ನಡೆ ನಡೆದರೂ ನಷ್ಟವೇ ಅನ್ನುವ ಸ್ಥಿತಿಗೆ ಜರ್ಮನ್ನಿನಲ್ಲಿ ತ್ಸೂಕ್‌ತ್ಸ್ವಾಂಗ್ ಅನ್ನುತ್ತಾರೆ. ನಾವು ಜುಗ್‌ಜ್ವಾಂಗ್ ಮಾಡಿದ್ದೇವೆ. ಉತ್ಸವ, ವಾತ್ಸಲ್ಯ ಅನ್ನುವವರಿಗೆ ತ್ಸ ಕಷ್ಟವೇ? ಬಿಷಪ್ಪನ್ನು ಪಕ್ಕದ ಓರೆದಾರಿಗೆ ತರುವ ಆಟ ಇಟಾಲಿಯನ್ನಿನಲ್ಲಿ ಫಿಯಾಂಕೆಟ್ಟೊ. ನಡುವೆ ಕ, ಕೊನೆಗೆ ನಮ್ಮ ಬೆಟ್ಟ, ಹಿಟ್ಟುಗಳಲ್ಲಿರುವ ಅದೇ ಒತ್ತು. ನಾವು ಫಿಯಾಂಚೆಟೊ ಅಂದು ಎರಡನ್ನೂ ಕಳೆಯುತ್ತೇವೆ. ಹಂಗೇರಿಯ ಯುದಿತ್ ಪೋಲ್ಗಾರ್ ನಮ್ಮಲ್ಲಿ ಜುಡಿತ್ ಆಗಿದ್ದಾರೆ. ನಿಪೋಮ್ನಿಶ್ಶಿ ಅನ್ನೋ ರಷ್ಯನ್ ಹೆಸರು ಇಂಗ್ಲಿಷಿನಲ್ಲಿ 14 ಅಕ್ಷರ, ಕನ್ನಡದಲ್ಲಿ ನಾಲ್ಕೇ: ನಿ, ಪೋ, ಮ್ನಿ, ಶ್ಶಿ. ಆದರೂ ನಾವು ಆ 14 ಅಕ್ಷರದ ಕಾಡಿಗೆ ನುಗ್ಗಿ "ನೆಪೊಮ್ನಿಯಾಚ್‌ಚಿ" ಅಂತ ಗಾಯ ಮಾಡಿಕೊಂಡು ಬರುತ್ತೇವೆ.

2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಗುಕೇಶ್ ಸೋಲಿಸಿದ್ದು "ಡಿಂಗ್" ಲಿರೆನ್ ಅವರನ್ನು ಅಂತ ಓದಿದೆವು. ಚೀನೀ ಹೆಸರುಗಳ ರೋಮನ್ ಬರಹದಲ್ಲಿ ಡಿ ಅಂದರೆ ಅಲ್ಪಪ್ರಾಣ ಟ, ಟಿ ಅಂದರೆ ಮಹಾಪ್ರಾಣ ಠ. ಅಂದರೆ ಅವರು ಟಿಂಗ್. ಅಲ್ಪಪ್ರಾಣ, ಮಹಾಪ್ರಾಣ ಅಂತ ಬೇರೆ ಬೇರೆ ಅಕ್ಷರ ಇಟ್ಟುಕೊಂಡ ನಾವೇ ಇದನ್ನು ತಪ್ಪಿಸಿದರೆ ಹೇಗೆ?

ಇಷ್ಟು ದೂರ ಯಾಕೆ, ಪಕ್ಕದ ಚೆನ್ನೈಗೆ ಬನ್ನಿ. ಪ್ರಜ್ಞಾನಂದ ಅನ್ನೋ ಅಚ್ಚ ಸಂಸ್ಕೃತ ಹೆಸರನ್ನು ಕನ್ನಡದಲ್ಲೇ "ಪ್ರಗ್ನಾನಂದ" ಅಂತ ಅಚ್ಚು ಹಾಕುವವರಿದ್ದಾರೆ. ಪ್ರಜ್ಞೆ ಅಂತ ದಿನಾ ಬರೆಯೋ ಕೈಗಳೇ ಇವು! ಬಿಳಿಯ ಕಾಮೆಂಟೇಟರ್ ಈ ಹೆಸರಿಗೆ ತಡವರಿಸಿದರೆ ಮಾತ್ರ ನಮಗೆ ಉರಿಯುತ್ತದೆ.

ಹೆಸರು ಅದನ್ನು ಇಟ್ಟುಕೊಂಡವರ ಸ್ವತ್ತು. 1927ರಲ್ಲಿ ವಿಶ್ವ ಚಾಂಪಿಯನ್ ಆದ ಅಲ್ಯೇಖಿನ್, ಸ್ವತಃ ರಷ್ಯನ್ನರು "ಅಲ್ಯೋಖಿನ್" ಅಂದರೂ ಸಿಡುಕುತ್ತಿದ್ದರಂತೆ. ಒಂದು ಸ್ವರದ ವ್ಯತ್ಯಾಸ ಅಷ್ಟೆ, ಆದರೆ ಅದು ಅವರ ಹೆಸರು.

ನೂರಕ್ಕೆ ನೂರು ಯಾರೂ ಕೇಳುತ್ತಿಲ್ಲ. ಫ್ರೆಂಚಿನ "ಆಂ ಪಾಸಾಂ" ನಮ್ಮ ಬಾಯಲ್ಲಿ ಪೂರ್ತಿ ಫ್ರೆಂಚ್ ಆಗದು, ಆಗಬೇಕಾಗಿಯೂ ಇಲ್ಲ. "ಎನ್ ಪ್ಯಾಸೆಂಟ್" ಅನ್ನದಿದ್ದರೆ ಸಾಕು. ಮನಸ್ಸು ಮಾಡಿದರೆ ಆಗುತ್ತೆ ಅನ್ನೋದಕ್ಕೆ ಸಾಕ್ಷಿಯೂ ಇದೆ: 1924ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಫ್ರೆಂಚ್ ಹೆಸರಿನ ಸಂಸ್ಥೆಯನ್ನು ನಮ್ಮ ಪತ್ರಿಕೆಗಳು "ಫೈಡ್" ಅನ್ನದೆ ಫಿಡೆ ಅಂತಲೇ ಬರೆಯುತ್ತವೆ. ಅದೇ ಕಾಳಜಿ ಆಟಗಾರರ ಹೆಸರಿಗೂ ಸಿಗಲಿ. ಅವರು ತಮ್ಮ ಹೆಸರನ್ನು ತಾವೇ ಹೇಳುವ ವಿಡಿಯೊ ಹುಡುಕಿ, ಹತ್ತು ಸೆಕೆಂಡ್ ಕೇಳಿ, ಕೇಳಿದ್ದನ್ನು ಕನ್ನಡದಲ್ಲಿ ಬರೆಯಿರಿ. ಸ್ಪೆಲ್ಲಿಂಗ್ ಆಮೇಲೆ ನೋಡಿದರಾಯಿತು.