ರೆಡ್ ಅಲರ್ಟ್ ಯಾರಿಗೆ?

ಊರಿಂದ ಬಂದ ಹಿರಿಯರಿಗೆ ಅಹಮದಾಬಾದಿನ ಬಿಸಿಲು ಅಂದ್ರೆ ತಮಾಷೆ. 'ನಾವು ರಾಯಚೂರಿನ ಬಿಸಿಲು ಕಂಡವರು' ಅಂತಾರೆ. ಇರಬಹುದು ಸ್ವಾಮಿ. ಆದರೆ 2010ರ ಮೇ 21ರಂದು ಇಲ್ಲಿ 46.8 ಡಿಗ್ರಿ ಇತ್ತು. ಆ ತಿಂಗಳು ವಾಡಿಕೆಗಿಂತ 1,344 ಸಾವು ಹೆಚ್ಚಾಗಿದ್ದವು ಅಂತ ಆಮೇಲೆ ಸಂಶೋಧಕರು ಲೆಕ್ಕ ಹಾಕಿದರು. ಪಾಲಿಕೆ ಪಾಠ ಕಲಿತು 2013ರಲ್ಲಿ ಬಿಸಿಲಿಗೂ ಮುನ್ನೆಚ್ಚರಿಕೆ ಕೊಡುವ ಯೋಜನೆ ತಂತು. 45 ಡಿಗ್ರಿ ಮುಟ್ಟುವಂತಿದ್ದರೆ ರೆಡ್ ಅಲರ್ಟ್ ಅಂತ ಗೊತ್ತುಮಾಡಿತು.

ಗುಜರಾತಿಯಲ್ಲಿ ಬರುವ ಸೂಚನೆಯನ್ನು ನಾವೇನೋ ಓದ್ತೀವಿ. ಮೊನ್ನೆ ಕೆಲಸಕ್ಕೆ ಬಂದ ಹುಡುಗ? ಮನೇಲಿ ಒಬ್ಬರೇ ಇರುವ ಅಜ್ಜಿ? ಪಾಲಿಕೆ ಕನ್ನಡದಲ್ಲೂ ಬರೀಲಿ ಅನ್ನೋದು ಅತಿಯಾಸೆ, ಹೇಳಬೇಕಾದವರು ನಾವೇ. 'ಅಮ್ಮಾ, ಮಧ್ಯಾಹ್ನ ಆಚೆ ಹೋಗಬೇಡಿ, ಮಜ್ಜಿಗೆ ಕುಡೀತಾ ಇರಿ.' ಒಂದು ಫೋನು ಸಾಕು. ರಾಜ್ಯೋತ್ಸವಕ್ಕೆ ಎಲ್ಲರ ನಂಬರ್ ಹುಡುಕ್ತೀವಲ್ಲ, ಮೇ ತಿಂಗಳಲ್ಲೂ ಹುಡುಕೋಣ.