ಟಾಂಗಾ ಅಜ್ಜನ ಮೊಮ್ಮಗಳು ಕುದುರೆ ಹತ್ತಿದ್ದು ಕಿರ್ಗಿಸ್ತಾನದಲ್ಲಿ!

ನಮ್ಮ ಚಿಕ್ಕಪ್ಪನ ಮಗಳು ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಕಳೆದ ಜುಲೈನಲ್ಲಿ ಗೆಳತಿಯರ ಜೊತೆ ಮೂರು ದಿನ ಕುದುರೆ ಸವಾರಿ ಪ್ರವಾಸಕ್ಕೆ ಹೋಗಿದ್ದಳು. ಸಮುದ್ರಮಟ್ಟದಿಂದ ಸುಮಾರು 3,000 ಮೀಟರ್ ಎತ್ತರದಲ್ಲಿರುವ ಸೋನ್ ಕುಲ್ ಸರೋವರದವರೆಗೆ ಕುದುರೆ ಮೇಲೆಯೇ ಪಯಣ. ರಾತ್ರಿ ಕುರಿಗಾಹಿಗಳ ಕಂಬಳಿ ಗುಡಾರದಲ್ಲಿ ವಾಸ. ವಾಪಸ್ ಬಂದು ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ವಿಡಿಯೊ ಹಾಕಿದಾಗ ಹುಲಗೂರಿನ ನಮ್ಮ ಮನೆಯಲ್ಲಿ ಹಬ್ಬದ ವಾತಾವರಣ.

ಎಪ್ಪತ್ತಾರು ವರ್ಷದ ಅಜ್ಜನಿಗೂ ತೋರಿಸಿದೆ. ಫೋನನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ನೋಡಿದ ಅಜ್ಜ, ‘ಆ ಕುದರಿ ಹಿಂದಿನ ಎಡಗಾಲು ಸರಿ ಊರವಲ್ದು. ಲಾಳ ಸಡ್ಲ ಆಗೇತಿ, ಆಕಿಗೆ ಹೇಳು’ ಎಂದರು. ನಾನು ನಕ್ಕು ಅದನ್ನೇ ಅಕ್ಕನಿಗೆ ಕಳಿಸಿದೆ. ಕೂಡಲೇ ಅವಳ ಫೋನು ಬಂತು. ‘ಮರುದಿನಾನ ಆ ಲಾಳ ಬದಲಿ ಮಾಡಿದ್ರು. ಅಜ್ಜಗ ಹೆಂಗ ಗೊತ್ತಾತು?’

ಗೊತ್ತಾಗದೆ ಏನು? ಅಜ್ಜ ಮೂವತ್ತು ವರ್ಷ ಟಾಂಗಾ ಹೊಡೆದವರು. ಗುಡಗೇರಿ ಸ್ಟೇಷನ್ನಿನಲ್ಲಿ ರೈಲಿಳಿದವರನ್ನು, ಉರುಸಿಗೆ ನಮ್ಮೂರ ದರ್ಗಾಕ್ಕೆ ಬರುವವರನ್ನು ಕರೆತಂದವರು. ಟಂಟಂಗಳು ಬಂದ ಮೇಲೆ ಹುರುಳಿಯ ಖರ್ಚೂ ಹುಟ್ಟದೆ ಕುದುರೆ ಮಾರಿದರು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಅಂಥವರ ಮೊಮ್ಮಗಳು ಮೊದಲ ಸಲ ಕುದುರೆ ಹತ್ತಲು ದುಡ್ಡು ಕೊಟ್ಟು ಪರದೇಶದ ಬೆಟ್ಟಕ್ಕೆ ಹೋಗಬೇಕಾಯಿತು!

ಇದನ್ನು ತಮಾಷೆ ಎಂದು ಬಿಡಬಹುದಿತ್ತು. ಆದರೆ ಸೆಪ್ಟೆಂಬರಿನಲ್ಲಿ ಕಾಲೇಜಿನಲ್ಲಿ ಅಣಕು ಸಂದರ್ಶನ ನಡೆಯಿತು. ಸಹಪಾಠಿಯೊಬ್ಬ ಊಟಿಯಲ್ಲಿ ಎರಡು ಸುತ್ತು ಹೊಡೆದಿದ್ದನ್ನೇ ಹವ್ಯಾಸದ ಕಾಲಂನಲ್ಲಿ ‘ಹಾರ್ಸ್ ರೈಡಿಂಗ್’ ಎಂದು ಬರೆದಿದ್ದ. ಕೇಳುವವರ ಮುಖ ಅರಳಿತು. ನನ್ನ ಸರದಿ ಬಂದಾಗ ಮನೆತನದ ಬಗ್ಗೆ ಕೇಳಿದರು. ಅಪ್ಪನ ಕಿರಾಣಿ ಅಂಗಡಿಯ ಬಗ್ಗೆ ಹೇಳಿದೆ, ಅಜ್ಜನ ಟಾಂಗಾದ ಮಾತು ನುಂಗಿಕೊಂಡೆ. ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಬರಲಿಲ್ಲ.

ನಮ್ಮಲ್ಲಿ ಕುದುರೆಗೆ ಗೌರವ ಇಲ್ಲವೆಂದಲ್ಲ. ದೇವರಗುಡ್ಡದ ಮೈಲಾರನ ಕುದುರೆಗೂ ಕೈಮುಗಿಯುತ್ತೇವೆ. ಕುಣಿಗಲ್‌ನಲ್ಲಿ ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆ ನಡೆದಿದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುದುರೆ ಸವಾರಿಯಲ್ಲಿ ಎರಡು ಬೆಳ್ಳಿ ಗೆದ್ದಾಗ ಎಲ್ಲರೂ ಹೆಮ್ಮೆಪಟ್ಟೆವು. ಆದರೆ ಕುದುರೆಯಿಂದ ಹೊಟ್ಟೆ ಹೊರೆದವನು ಮಾತ್ರ ನಮಗೆ ‘ಟಾಂಗಾದವ’.

ಕಿರ್ಗಿಸ್ತಾನದ ಹಳ್ಳಿಗಳೇನೂ ಶ್ರೀಮಂತವಲ್ಲ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿ ಕೆಲಸ ಕಳೆದುಕೊಂಡವರು ಬಹಳ. 2000ದ ಸುಮಾರಿಗೆ ಕೊಚ್ಕೋರ್‌ನಂಥ ಊರುಗಳ ಕುಟುಂಬಗಳು ಸ್ವಿಸ್ ಸಂಸ್ಥೆಯೊಂದರ ನೆರವಿನಿಂದ ಒಟ್ಟುಗೂಡಿ, ಬಂದವರಿಗೆ ತಮ್ಮ ಮನೆ, ಗುಡಾರ, ಕುದುರೆಗಳನ್ನೇ ಒದಗಿಸುವ ವ್ಯವಸ್ಥೆ ಮಾಡಿಕೊಂಡವು. ಅವರು ಹೊಸ ವಿದ್ಯೆ ಕಲಿತು ಬರಲಿಲ್ಲ. ಅಜ್ಜ–ಅಪ್ಪಂದಿರಿಂದ ಬಂದದ್ದಕ್ಕೇ ಬೆಲೆ ಕಟ್ಟಿದರು. ಅಕ್ಕನ ತಂಡಕ್ಕೆ ದಾರಿ ತೋರಿಸಿದ ಹುಡುಗನಿಗೆ ನನ್ನದೇ ವಯಸ್ಸು. ಅವನೂ ಕಾಲೇಜು ಓದುತ್ತಾನೆ, ರಜೆಯಲ್ಲಿ ಕುದುರೆ ಹಿಡಿಯುತ್ತಾನೆ. ಎರಡನ್ನೂ ಒಂದೇ ದನಿಯಲ್ಲಿ ಹೇಳಿಕೊಂಡನಂತೆ.

ಟಾಂಗಾದ ಕಾಲವೇ ಚಿನ್ನದಂತಿತ್ತು ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ಬಡತನವಿತ್ತು, ಭಾರ ಎಳೆದು ಸೋತ ಕುದುರೆಗಳಿದ್ದವು. ‘ನೀನರ ಬ್ಯಾರೆ ಏನರ ಮಾಡು’ ಎಂದು ಅಪ್ಪನಿಗೆ ಹೇಳಿದ್ದು ಅಜ್ಜನೇ. ನಾಳೆಯೇ ಹುಲಗೂರಿನಲ್ಲಿ ಕುದುರೆ ಪ್ರವಾಸ ಶುರುಮಾಡಿ ಎಂಬುದೂ ನನ್ನ ವಾದವಲ್ಲ. ಆ ಬದುಕನ್ನು ಬಿಟ್ಟಿದ್ದು ಸರಿಯೇ ಇರಬಹುದು. ಅದರಲ್ಲಿದ್ದ ತಿಳಿವಳಿಕೆಯನ್ನು ಬಚ್ಚಿಟ್ಟದ್ದು ಮಾತ್ರ ತಪ್ಪು. ಪ್ರಾಣಿಯ ನಡಿಗೆ ನೋಡಿ ಕಾಲಿನ ತೊಂದರೆ ಪತ್ತೆಹಚ್ಚುವ ಸಾಫ್ಟ್‌ವೇರ್ ಮಾಡಿದರೆ ಅದು ಒಳ್ಳೆಯ ಪ್ರಾಜೆಕ್ಟು. ಅದನ್ನೇ ಬರಿಗಣ್ಣಲ್ಲಿ ಮಾಡುವ ಮನುಷ್ಯ ನಮ್ಮ ಮನೆಯ ಕಟ್ಟೆ ಮೇಲೆ ಕೂತಿದ್ದರೂ ನಾನು ಒಂದು ಪ್ರಶ್ನೆ ಕೇಳಿರಲಿಲ್ಲ.

ಗೆಳೆಯರೇ, ನಿಮ್ಮ ಮನೆಯಲ್ಲೂ ನೇಕಾರ, ಕಮ್ಮಾರ, ಕುಂಬಾರ ಅಜ್ಜಂದಿರು ಇರಬಹುದು. ರೆಸ್ಯೂಮೆಗೆ ಹವ್ಯಾಸ ಹುಡುಕುವ ಮೊದಲು ಒಂದು ಸಂಜೆ ಅವರ ಹತ್ತಿರ ಕೂತು ನೋಡಿ.

ಸೆಮಿಸ್ಟರ್ ರಜೆಗೆ ಊರಿಗೆ ಬಂದಾಗ, ಸುಗ್ಗಿ ಮುಗಿದ ಹೊಲವೊಂದರಲ್ಲಿ ಬೆಳಗಾವಿ ಕಡೆಯ ಕುರಿಗಾಹಿಗಳು ಬೀಡುಬಿಟ್ಟಿದ್ದರು. ಗಂಟುಮೂಟೆ ಹೊರುವ ಎರಡು ಕುದುರೆಗಳಿದ್ದವು. ಅಜ್ಜ ಅವರ ಜೊತೆ ಮಾತಾಡಿ, ಕುದುರೆಯ ಕೊರಳು ಸವರಿ, ನನ್ನನ್ನು ಹತ್ತಿಸಿ, ಹಗ್ಗ ಹಿಡಿದು ಮುಂದೆ ನಡೆದರು. ಹೊಲದ ಸುತ್ತ ಒಂದೇ ಸುತ್ತು. ನಾನು ಎರಡು ಸಲ ಜಾರಿದೆ. ‘ಬೆನ್ನು ನೆಟ್ಟಗ ಮಾಡೋ’ ಎಂದು ಅಜ್ಜ ಗದರಿದರು.

ಮುಂದಿನ ತಿಂಗಳು ಮತ್ತೊಂದು ಸಂದರ್ಶನವಿದೆ. ಈ ಸಲ ಮನೆತನದ ಬಗ್ಗೆ ಕೇಳಿದರೆ ಅಜ್ಜನಿಂದಲೇ ಶುರು ಮಾಡುತ್ತೇನೆ.