ತಾತ್ಕಾಲಿಕ ಮೋರಿಯೂ ಮಲೆನಾಡಿನ ಮಳೆಯೂ

ರಸ್ತೆ ಅಗಲೀಕರಣ ನಡೆಯುವಲ್ಲೆಲ್ಲ ಒಂದು ಸಮಜಾಯಿಷಿ ಸಿದ್ಧವಾಗಿರುತ್ತದೆ: "ತಾತ್ಕಾಲಿಕ ಮೋರಿ ಮೇಷ್ಟ್ರೇ, ಇಷ್ಟು ಸಾಕು." ಮಲೆನಾಡಿನಲ್ಲಿ ಹುಟ್ಟಿ ಬೆಳೆದವರೂ ಹೀಗೆನ್ನುವಾಗ ನನಗೆ ಸಿಟ್ಟು ಬರುತ್ತದೆ. ಮೋರಿ ತಾತ್ಕಾಲಿಕವೆಂಬ ಸಂಗತಿ ಮಳೆಗೆ ತಿಳಿಯದು.

ನನ್ನ ಶಿಷ್ಯರಲ್ಲಿ ಹಲವರು ಇಂದು ಇಂಜಿನಿಯರುಗಳು. ಲೆಕ್ಕವನ್ನು ನೀವೇ ಹಾಕಿ ನೋಡಿ. ಒಂದು ಹೆಕ್ಟೇರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 10 ಘನ ಮೀಟರ್ ನೀರು. 10 ಹೆಕ್ಟೇರಿನ ಗುಡ್ಡದ ಮೇಲೆ ಗಂಟೆಗೆ 60 ಮಿ.ಮೀ.ನಂತೆ, ತುದಿಯ ನೀರು ಮೋರಿಗೆ ತಲಪುವಷ್ಟು ಹೊತ್ತು ಹೊಯ್ದಿತೆನ್ನಿ. ಮರಗಿಡಗಳಿದ್ದಾಗ ಹತ್ತರಲ್ಲಿ ಮೂರು ಪಾಲು ಹರಿದರೆ ಸೆಕೆಂಡಿಗೆ 500 ಲೀಟರ್. ಮರ ಕಡಿದು, ಮಣ್ಣು ಬಗೆದು, ರೋಲರ್ ಓಡಿಸಿದ ಮೇಲೆ ಆರು ಪಾಲು ಹರಿದರೆ 1000 ಲೀಟರ್. ನೂರಕ್ಕೊಂದು ಇಳಿಜಾರಿನಲ್ಲಿ ಕೂರಿಸಿದ 600 ಮಿ.ಮೀ. ಸಿಮೆಂಟು ಪೈಪು ತುಂಬಿ ಹರಿದರೂ ಸಾಗಿಸುವುದು ಸುಮಾರು 600 ಲೀಟರ್ ಮಾತ್ರ! ಗುಡ್ಡ ಹಸಿರಾಗಿದ್ದಾಗ ಸಾಲುತ್ತಿದ್ದ ಮೋರಿ ಕಾಮಗಾರಿಯ ಕಾಲಕ್ಕೇ ಸಾಲದಾಗುತ್ತದೆ. (ಆಗುಂಬೆಯ ವರ್ಷದ ಮಳೆ 7000 ಮಿ.ಮೀ. ಮೀರುತ್ತದೆಂದು ಎಲ್ಲರೂ ಹೆಮ್ಮೆಯಿಂದ ಹೇಳುವರು. ಮೋರಿಗೆ ಬೇಕಾದುದು ವರ್ಷದ ಮೊತ್ತವಲ್ಲ, ಆ ಇಪ್ಪತ್ತು ನಿಮಿಷದ ರಭಸ.)

600ರ ಬದಲು 300ರ ಪೈಪುಗಳೆರಡನ್ನು ಹಾಕುವುದು ಇನ್ನೊಂದು ಪರಿಪಾಠ. ಬಾಯಿಯ ವಿಸ್ತೀರ್ಣ ನೋಡಿದರೇ ನಾಲ್ಕು ಬೇಕು. ಸಣ್ಣ ಪೈಪಿನಲ್ಲಿ ಗೋಡೆಯ ತಿಕ್ಕಾಟ ಹೆಚ್ಚು. ಅದೇ ಇಳಿಜಾರಿನಲ್ಲಿ ಆರೂ ಸಾಲವು. ಒಂದು ಅಡಿಕೆ ಹಾಳೆ ತೇಲಿಬಂದು ಬಾಯಿಗೆ ಅಡ್ಡ ಕೂತರೆ ಮುಗಿಯಿತು.

ತಾತ್ಕಾಲಿಕಕ್ಕೆ ನೂರು ವರ್ಷದ ಮಳೆಯನ್ನು ಲೆಕ್ಕ ಹಿಡಿಯಬೇಕೇ ಎಂದು ಕೇಳುವಿರಿ. ಬೇಡ. ಐದು ವರ್ಷಕ್ಕೊಮ್ಮೆಯ ಮಳೆಯನ್ನೇ ಹಿಡಿಯಿರಿ. ಆದರೆ ಅದು ಐದನೆಯ ವರ್ಷಕ್ಕೆ ಕಾದು ಕೂರುವುದಿಲ್ಲ. ಪ್ರತಿ ಮಳೆಗಾಲದಲ್ಲೂ ಅದನ್ನು ಮೀರುವ ಸಂಭವ ಶೇ. 20. ಮೋರಿ ಮೂರು ಮಳೆಗಾಲ ಉಳಿದರೆ ಆ ಸಂಭವ ಶೇ. 49. ನಾಣ್ಯ ಚಿಮ್ಮಿದಂತೆಯೇ ಸರಿ. ನಮ್ಮಲ್ಲಿ ತಾತ್ಕಾಲಿಕವೆಂಬುದು ಮೂರು ಮಳೆಗಾಲ ಕಾಣದೆ ಹೋದುದು ಅಪರೂಪ.

ಆ ನಾಣ್ಯ ಬೀಳುವುದು ಮಾತ್ರ ಕೆಳಗಿನ ತೋಟದವನ ಅಂಗಳಕ್ಕೆ. ಕಟ್ಟೆಯಂತೆ ನಿಂತ ರಸ್ತೆಯ ಮಣ್ಣು ಒಡೆದು ನುಗ್ಗಿ ಬಸಿಗಾಲುವೆಗಳು ಮುಚ್ಚಿಹೋದರೆ, ಅಡಿಕೆಯ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಮರ ಮತ್ತೆ ಫಲಕ್ಕೆ ಬರಲು ಎಷ್ಟು ವರ್ಷ ಬೇಕೆಂದು ಗುತ್ತಿಗೆದಾರನಿಗೆ ಯಾರೂ ಹೇಳುವುದಿಲ್ಲ. ಕಾಮಗಾರಿಯ ಫಲಕದಲ್ಲಿ ಗುತ್ತಿಗೆಯ ಮೊತ್ತವನ್ನು ದಪ್ಪಕ್ಷರದಲ್ಲಿ ಬರೆಯಿಸುವಿರಲ್ಲ, ಅದರ ಕೆಳಗೆ ನಾಲ್ಕು ಅಂಕಿ ಸೇರಿಸಿ: ನೀರು ಬರುವ ಗುಡ್ಡ ಎಷ್ಟು ಹೆಕ್ಟೇರು, ಗಂಟೆಗೆ ಎಷ್ಟು ಮಿ.ಮೀ. ಮಳೆ ಹಿಡಿದಿರಿ, ಹತ್ತರಲ್ಲಿ ಎಷ್ಟು ಪಾಲು ಹರಿಯುವುದೆಂದು ಎಣಿಸಿದಿರಿ, ಪೈಪು ಎಷ್ಟು ಲೀಟರ್ ಸಾಗಿಸುತ್ತದೆ. ತೋಟದವನು ಗುಣಾಕಾರ ಬಲ್ಲ.